ಘಾರಾಪುರಿಯ ಕತ್ತಲೆಯಲ್ಲಿ ಒಂದು ಮುಖ

ಮುಂಬಯಿಯಲ್ಲಿ ಸಂಸಾರ ಹೂಡಿದವರ ಮನೆಗೆ ಊರಿನಿಂದ ಹಿರಿಯರು ಬಂದರೆಂದರೆ, ಗೇಟ್‌ವೇಯಲ್ಲಿ ದೋಣಿ ಹತ್ತಿ ಘಾರಾಪುರಿಗೆ ಹೋಗುವುದು ನಡೆದುಬಂದ ಪದ್ಧತಿ. ಅಲ್ಲಿದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಎಲಿಫೆಂಟಾ ಎಂದು ಕರೆದ ದ್ವೀಪವಿದು. ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. 1987ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇಲ್ಲಿನ ಗುಹೆಗಳಿಗೆ ಸೋಮವಾರ ರಜೆಯೆಂಬುದನ್ನು ಮೊದಲೇ ನೆನಪಿಡಬೇಕು.

ಧಾರವಾಡದಿಂದ ಬಂದಿದ್ದ ನಮ್ಮ ಸೋದರತ್ತೆಯವರು ಕೋಲೂರಿಕೊಂಡು ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಿದರು. "ಇನ್ನೊಮ್ಮೆ ಈ ಪಾವಟಿಗಿ ಹತ್ತೋ ಕಾಲು ನನ್ನವಲ್ಲ. ಮೂರು ಮುಖದ ಶಿವನ ಮುಂದ ನಂದೊಂದು ಫೋಟೋ ತಗೀರಪ್ಪಾ, ಮೊಮ್ಮಕ್ಕಳು ನೋಡಲಿ" ಎಂದರು.

ಆ ಶಿವ ಮೂರಾಳೆತ್ತರದವನು. ಅವನಿರುವುದು ದಕ್ಷಿಣದ ಗೋಡೆಯಲ್ಲಿ, ಬಾಗಿಲು ಉತ್ತರಕ್ಕೆ. ಬಾಗಿಲ ಬೆಳಕು ಅವನನ್ನು ಮುಟ್ಟುವಷ್ಟರಲ್ಲಿ ಸಣ್ಣಗಾಗಿರುತ್ತದೆ. ಇಂಥಲ್ಲಿಯೇ ಡಿಜಿಟಲ್ ಕ್ಯಾಮರಾದ ಬೆಳಕಳೆಯುವ ಬಗೆಗಳನ್ನು ಅರಿತಿರಬೇಕು. ಅಳೆದದ್ದನ್ನು ನಡುತರದ ಬೂದುಬಣ್ಣಕ್ಕೆ ತರುವುದು ಆ ಯಂತ್ರದ ಮೂಲ ಸ್ವಭಾವ. ಎಲ್ಲಿಂದ ಅಳೆಯಬೇಕೆಂದು ಹೇಳುವುದಷ್ಟೇ ನಮ್ಮ ಪಾಲಿನ ಕೆಲಸ.

ಬಗೆಗಳು ಮುಖ್ಯವಾಗಿ ಮೂರು. ಇಡೀ ಚಿತ್ರವನ್ನು ತೂಗಿ ನೋಡುವುದು ಒಂದು. ನಿಕಾನ್‌ನವರು ಇದನ್ನು ಮೇಟ್ರಿಕ್ಸ್ ಎಂದರೆ, ಕ್ಯಾನನ್‌ನವರು ಇವ್ಯಾಲ್ಯುಯೇಟಿವ್ ಎನ್ನುತ್ತಾರೆ. ದೋಣಿ, ಕಡಲು, ಆಕಾಶಗಳಿಗೆ ಇದು ಸಾಕು. ನಡುಭಾಗಕ್ಕೆ ಹೆಚ್ಚು ಬೆಲೆ ಕೊಡುವ ಸೆಂಟರ್ ವೇಟೆಡ್ ಎರಡನೆಯದು. ಮೂರನೆಯದಾದ ಸ್ಪಾಟ್, ಚಿತ್ರದ ನೂರರಲ್ಲಿ ಒಂದರಿಂದ ಐದು ಪಾಲನ್ನು ಮಾತ್ರ ಅಳೆಯುತ್ತದೆ.

ಅತ್ತೆಯವರನ್ನು ಮೂರ್ತಿಯಿಂದ ಕೆಲವು ಹೆಜ್ಜೆ ಮುಂದೆ, ಬಾಗಿಲ ಕಡೆಗೆ ಮುಖ ಮಾಡಿ ನಿಲ್ಲಿಸಿದೆವು. ಮೊದಲ ಬಗೆಯಲ್ಲಿ ತೆಗೆದಾಗ, ಸುತ್ತಲಿನ ಕರಿಗಲ್ಲನ್ನು ಬೆಳಗಿಸಹೊರಟ ಕ್ಯಾಮರಾ ಅವರ ಮುಖವನ್ನು ಬಿಳಿಚಿಸಿತು. ಸ್ಪಾಟ್‌ಗೆ ತಿರುಗಿಸಿ ಕೆನ್ನೆಯಿಂದ ಬೆಳಕನ್ನು ಅಳೆದು, ಆ ಅಳತೆಯನ್ನು ಎ.ಇ. ಲಾಕ್ ಗುಂಡಿಯಿಂದ ಹಿಡಿದಿಟ್ಟು ತೆಗೆದೆವು. ಹಣೆಯ ಗೆರೆಗಳೂ ಕಣ್ಣಿನ ಹೊಳಪೂ ಇದ್ದಂತೆಯೇ ಬಂದವು. ಶಿವ ಹಿಂದೆ ನಸುಗತ್ತಲೆಯಲ್ಲಿ ಉಳಿದ. ಗುಹೆಯಲ್ಲಿ ಕಣ್ಣಿಗೆ ಕಾಣುವುದೂ ಹಾಗೆಯೇ ಅಲ್ಲವೆ?

ಒಂದು ಎಚ್ಚರ ಬೇಕು. ಅಳೆಯುವ ಚುಕ್ಕೆ ನರೆಗೂದಲ ಮೇಲೆ ಬಿದ್ದರೆ, ನರೆ ಬೂದಾಗಿ ಮುಖ ಕಪ್ಪಿಡುತ್ತದೆ. ಒಳಗೆ ನಿಂತು ಬಾಗಿಲ ಕಡೆಗೆ ತೆಗೆಯುವಾಗಲೂ ಮುಖದಿಂದಲೇ ಅಳೆಯಿರಿ. ಹೊರಗಿನ ಮರಗಿಡಗಳು ಬೆಳ್ಳಗಾದರೆ ಆಗಲಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿದರೆ ಹೆಚ್ಚುಕಡಿಮೆ ಇದೇ ಕೆಲಸವಾಗುತ್ತದೆ.

ರಜೆಯಲ್ಲಿ ಊರಿಗೆ ಹೋಗುವವರಿಗೆ ಬಾದಾಮಿಯ ಗುಹೆಗಳಲ್ಲಿಯೂ ಇದೇ ಬೆಳಕು, ಇದೇ ಕತ್ತಲೆ ಎದುರಾಗುತ್ತದೆ. ಅಲ್ಲಿನ ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು, ಆ ಕಲ್ಲು ಮುಂದಿನ ವರ್ಷವೂ ಅಲ್ಲಿಯೇ ಇದ್ದೀತು. ಜೊತೆಗೆ ಬಂದ ಹಿರಿಯರ ಮುಖಕ್ಕೇ ಮೊದಲು ಬೆಳಕನ್ನು ಅಳೆಯುವುದು ಲೇಸು.