ಮಿಲ್‌ಟೌನ್ ಮಾಲ್‌ಬೇಯ ನಾದದಾಸೋಹ

ಕೆಲವು ಊರುಗಳು ಕಣ್ಣಿನಲ್ಲಿ ಉಳಿಯುತ್ತವೆ, ಕೆಲವು ಕಿವಿಯಲ್ಲಿ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಪ್ರಾಂತದ ಪುಟ್ಟ ಪಟ್ಟಣ ಮಿಲ್‌ಟೌನ್ ಮಾಲ್‌ಬೇ ನಮ್ಮ ಕಿವಿಯಲ್ಲಿ ಇಂದಿಗೂ ನುಡಿಯುತ್ತಿದೆ. ಮಗನ ಉದ್ಯೋಗದ ನಿಮಿತ್ತ ಆ ದೇಶದಲ್ಲಿ ಕೆಲವು ಬೇಸಗೆಗಳನ್ನು ಕಳೆಯುವ ಯೋಗ ನಮಗೆ ಒದಗಿತ್ತು. ಅಟ್ಲಾಂಟಿಕ್ ಸಾಗರದ ಗಾಳಿ, ಬಿಟ್ಟು ಬಿಟ್ಟು ಸುರಿಯುವ ಮಳೆ, ಮುಖ್ಯವಾಗಿ ಒಂದೇ ದೊಡ್ಡ ಬೀದಿ: ಊರೆಂದರೆ ಇಷ್ಟೆ. ಜುಲೈ ಬಂದಿತೆಂದರೆ ಆ ಬೀದಿಯ ಮನೆಮನೆಯೂ ಸಂಗೀತಶಾಲೆಯಾಗುತ್ತಿತ್ತು.

ಈ ಸಂಭ್ರಮದ ಹಿಂದೆ ಇರುವವನು ವಿಲ್ಲಿ ಕ್ಲ್ಯಾನ್ಸಿ ಎಂಬ ಬಡಗಿ. 1918ರಲ್ಲಿ ಜನಿಸಿದ ಈತ ಮರಗೆಲಸವನ್ನು ಕಾಯಕವಾಗಿಯೂ ‘ಇಲನ್ ಪೈಪ್’ ವಾದ್ಯವನ್ನು ಉಸಿರಾಗಿಯೂ ಬಾಳಿದವನು. ಐರಿಷ್ ನುಡಿಯಲ್ಲಿ ‘ಇಲನ್’ ಎಂದರೆ ಮೊಣಕೈ. ಈ ವಾದ್ಯವನ್ನು ಬಾಯಿಂದ ಊದುವುದಿಲ್ಲ. ಒಂದು ಮೊಣಕೈ ಕಮ್ಮಾರನ ತಿದಿಯಂತಹ ಪುಟ್ಟ ತಿದಿಯನ್ನು ಒತ್ತಿದರೆ, ಇನ್ನೊಂದು ಗಾಳಿ ತುಂಬಿದ ಚೀಲವನ್ನು ಅದುಮುತ್ತದೆ. ಕೆಲವು ಕೊಳವೆಗಳು ಶ್ರುತಿ ಹಿಡಿದು ನಿಲ್ಲುತ್ತವೆ, ಬೆರಳುಗಳು ಸ್ವರ ಬಿಡಿಸುತ್ತವೆ. ಕಲಿಯಲು ಏಳು ವರ್ಷ, ಸಾಧನೆಗೆ ಏಳು ವರ್ಷ, ನುಡಿಸಲು ಏಳು ವರ್ಷ ಬೇಕೆಂಬುದು ಅಲ್ಲಿಯವರ ನಂಬಿಕೆ.

ಆ ನಾಡಿನ ಅಂಧ ವಾದಕ ಗ್ಯಾರೆಟ್ ಬ್ಯಾರಿ 1899ರಲ್ಲಿಯೇ ತೀರಿಕೊಂಡಿದ್ದ. ವಿಲ್ಲಿಯ ತಂದೆ ಅವನಿಂದ ಕೇಳಿದ ಮಟ್ಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಗನಿಗೆ ದಾಟಿಸಿದ. ಹೀಗೆ ತಾನು ಎಂದೂ ಕಾಣದ ಗುರುವಿನ ನಾದ ಮಗನ ಬೆರಳಿಗೆ ಬಂದಿತು. ಲಿಪಿಗಿಂತ ಕಿವಿಯನ್ನು ನಂಬಿದ ಪರಂಪರೆಯದು.

ಈ ಪರಂಪರೆಗೆ ಸಂಕಟವೂ ಬಂದಿತ್ತು. ಹಿಂದೆ ಹಳ್ಳಿಯ ಅಡುಗೆಮನೆಗಳಲ್ಲಿಯೇ ಒಲೆಯ ಬಳಿ ವಾದನವೂ ಕುಣಿತವೂ ನಡೆಯುತ್ತಿದ್ದವು. 1935ರ ಕಾಯಿದೆಯೊಂದು ಸಾರ್ವಜನಿಕ ನರ್ತನಕ್ಕೆ ಪರವಾನಗಿ ಕಡ್ಡಾಯಗೊಳಿಸಿದ ಮೇಲೆ ಮನೆಯ ಕೂಟಗಳಿಗೂ ಅಂಜಿಕೆ ಹೊಕ್ಕಿತು. ಹೊಟ್ಟೆಪಾಡಿಗಾಗಿ ಯುವಕರು ಹಡಗು ಹತ್ತಿದರು. ವಿಲ್ಲಿಯೂ ಕೆಲಕಾಲ ಲಂಡನ್ನಿನಲ್ಲಿ ಬಡಗಿಯಾಗಿ ದುಡಿದು ಊರಿಗೆ ಮರಳಿದವನೇ. 1973ರ ಜನವರಿಯಲ್ಲಿ ಅವನು ಅಗಲಿದಾಗ ಗೆಳೆಯರು ಅತ್ತು ಸುಮ್ಮನಾಗಲಿಲ್ಲ. ಅದೇ ವರ್ಷ ಅವನ ಹೆಸರಿನಲ್ಲಿ ಬೇಸಗೆ ಶಾಲೆಯನ್ನು ತೆರೆದರು.

ಆ ಶಾಲೆಯ ದಿನಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಮುಂಜಾನೆ ಪಿಟೀಲು, ಕೊಳಲು, ಕಾನ್ಸರ್ಟಿನಾಗಳ ಪಾಠ. ಸಂಜೆ ಪಬ್ಬುಗಳಲ್ಲಿ ಕೂಟ. ಮದ್ಯವನ್ನು ಮುಟ್ಟದ ನಾವು ಮೊದಮೊದಲು ಬಾಗಿಲಲ್ಲೇ ಸಂಕೋಚದಿಂದ ನಿಂತೆವು. ಬೆಳ್ಳಿಕೂದಲಿನ ಅಜ್ಜಿಯೊಬ್ಬರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟು ನಮಗೆ ಚಹಾ ತರಿಸಿದರು. ಅಲ್ಲಿ ವೇದಿಕೆಯಿಲ್ಲ. ವಾದಕರು ಒಬ್ಬರ ಮುಖವನ್ನೊಬ್ಬರು ನೋಡುತ್ತ ವೃತ್ತವಾಗಿ ಕುಳಿತು ಮಟ್ಟಿಗೆ ಮಟ್ಟನ್ನು ಪೋಣಿಸುತ್ತಿದ್ದರು. ಎಂಬತ್ತರ ಮುದುಕನ ಪಕ್ಕದಲ್ಲಿ ಹತ್ತರ ಬಾಲಕಿ. ಅವಳು ತಪ್ಪಿದರೆ ಅವನು ಗದರುತ್ತಿರಲಿಲ್ಲ, ಅದೇ ಸಾಲನ್ನು ಮತ್ತೆ ಮೆಲ್ಲನೆ ನುಡಿಸುತ್ತಿದ್ದ. ಯಾರಾದರೂ ಹಾಡಲು ತೊಡಗಿದರೆ ಗದ್ದಲವೆಲ್ಲ ತಾನಾಗಿ ಅಡಗುತ್ತಿತ್ತು.

ಆಗ ನಮಗೆ ಶರಣರ ನೆನಪಾಗುತ್ತಿತ್ತು. ಬುಟ್ಟಿ ಹೆಣೆದ ಮೇದರ ಕೇತಯ್ಯನೂ ಅನುಭಾವಿಯೇ. ದುಡಿಯುವ ಕೈಯಲ್ಲಿಯೇ ದೊಡ್ಡದು ಅರಳಬಹುದೆಂಬುದನ್ನು ಕಲ್ಯಾಣ ನಮಗೆ ಎಂದೋ ತೋರಿಸಿದೆ. ಪಡೆದುದನ್ನು ಬಚ್ಚಿಡದೆ ಮುಂದಿನವರಿಗೆ ಉಣಬಡಿಸುವುದೂ ದಾಸೋಹವೇ ಅಲ್ಲವೆ?

2017ರಲ್ಲಿ ಯುನೆಸ್ಕೊ ಈ ವಾದನಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ಸಂಗತಿ. ಆದರೆ ಅದನ್ನು ಬದುಕಿಸಿದ್ದು ಮಗುವಿನ ಪಕ್ಕದಲ್ಲಿ ಕುಳಿತ ಆ ಮುದುಕನ ತಾಳ್ಮೆ. ನಮ್ಮ ಮನೆಗಳಲ್ಲಿ ವಚನಗಳು ಈಗ ಹೆಚ್ಚಾಗಿ ಮೊಬೈಲಿನಿಂದ ಕೇಳಿಬರುತ್ತಿವೆ. ಸೊಗಸಾಗಿಯೇ ಇರುತ್ತವೆ. ಆದರೂ ಇಳಿಹೊತ್ತಿನಲ್ಲಿ ಇಷ್ಟಲಿಂಗಪೂಜೆ ಮುಗಿದ ಮೇಲೆ ಅಜ್ಜಿಯ ನಡುಗುವ ದನಿಗೆ ಮೊಮ್ಮಗಳ ಎಳೆದನಿ ಕೂಡಿದಾಗ, ಆ ಮನೆಯಲ್ಲಿ ವಚನ ಇನ್ನೊಂದು ತಲೆಮಾರಿಗೆ ಕಾಲಿಟ್ಟಿತೆಂದೇ ಅರ್ಥ.