ಮಳೆಯಲ್ಲಿ ನೆನೆದ ಧಾನ್ಯ

ಕಾರವಾರದ ನಮ್ಮ ವಯಸ್ಸಿನವರಿಗೆ ‘ಮುಸ್ತಫಾ’ ಎಂದರೆ ಮೊದಲು ನೆನಪಾಗುವುದು ಒಂದು ವಿಡಿಯೋ ಗೇಮ್. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪೆನಿ ಹೊರತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ? ಅದರ ನಾಲ್ವರು ವೀರರಲ್ಲಿ ಹಳದಿ ಟೋಪಿ ಹಾಕಿಕೊಂಡು ಓಡಿ ಬಂದು ಒದೆಯುವ ಮುಸ್ತಫಾ ಎಲ್ಲರಿಗೂ ಅಚ್ಚುಮೆಚ್ಚು. ಹೀಗಾಗಿ ಭಾರತದ ಊರೂರುಗಳಲ್ಲಿ ಆ ಆಟಕ್ಕೇ ಅವನ ಹೆಸರು ಬಿತ್ತು. ಹಿಂದೂ, ಕ್ರೈಸ್ತ, ಮುಸ್ಲಿಮ್ ಹುಡುಗರೆಲ್ಲ ಒಂದೇ ಯಂತ್ರದ ಮುಂದೆ ‘ಮುಸ್ತಫಾ ನನಗೆ’ ಎಂದು ಜಗಳಾಡುತ್ತಿದ್ದುದನ್ನು ಇಂದು ನೆನೆದರೆ ನಗುವೂ ಬರುತ್ತದೆ, ಇನ್ನೇನೋ ಒಂದು ಕೂಡ.

ಅಲ್ಲಿ ಮೋಸವಿರಲಿಲ್ಲ ಎಂದಲ್ಲ. ಜೊತೆಗಾರನ ಜೀವ ಮುಗಿಯುತ್ತ ಬಂದಿದ್ದರೂ ಪರದೆಯಲ್ಲಿ ಸಿಕ್ಕ ಊಟವನ್ನು ತಾವೇ ಬಾಚಿಕೊಳ್ಳುವವರಿದ್ದರು. ‘ಸ್ಟ್ರೀಟ್ ಫೈಟರ್’ನಲ್ಲಿ ಎದುರಾಳಿಯನ್ನು ಮೊಣಕೈಯಿಂದ ತಿವಿಯುವವರಿದ್ದರು. ಸೋಲು ಖಚಿತವಾದಾಗ ‘ಗುಂಡಿ ಕೆಟ್ಟಿದೆ’ ಎನ್ನುವುದಂತೂ ಮಾಮೂಲು. ಆದರೆ ಗುಂಡಿ ನಿಜವಾಗಿ ಕೆಟ್ಟಿದೆಯೇ ಎಂದು ಹಿಂದೆ ನಿಂತವರಲ್ಲಿ ಯಾರು ಬೇಕಾದರೂ ಒತ್ತಿ ನೋಡಬಹುದಿತ್ತು. ಸುಳ್ಳು ಹೇಳಿದವನು ಮರುದಿನ ಅದೇ ಅಂಗಡಿಗೆ, ಅದೇ ಮುಖಗಳ ಮುಂದೆ ಬರಬೇಕಿತ್ತು.

ಈಗಿನ ಕಾಳಗ ಫೋನಿನಲ್ಲಿ. ಎದುರಾಳಿ ಪಕ್ಕದ ಓಣಿಯವನೋ, ಪರದೇಶದವನೋ ಗೊತ್ತಾಗುವುದಿಲ್ಲ. ಇಂಥ ಹೊಡೆದಾಟದ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ. ಒಂದು ಗುದ್ದನ್ನು ತಡೆಯುವುದೋ ತಿನ್ನುವುದೋ ಎಂಬುದು ಆ ಅರವತ್ತರಲ್ಲಿ ನಾಲ್ಕೈದು ಚಿತ್ರಗಳೊಳಗೆ ತೀರ್ಮಾನವಾಗಿಬಿಡಬಹುದು. ಅಷ್ಟರೊಳಗೆ ಎದುರಾಳಿಯ ಬೆರಳಿನ ಸುದ್ದಿ ನೂರಾರು ಮೈಲಿ ದಾಟಿ ಬರಬೇಕು. ಬಾರದಿದ್ದರೆ? 2006ರಲ್ಲಿ ಅಮೆರಿಕದ ಟೋನಿ ಕ್ಯಾನನ್ ಎಂಬವರು ಇದಕ್ಕೊಂದು ಉಪಾಯ ಹೂಡಿದರು. ಸುದ್ದಿ ಬರುವವರೆಗೆ ಯಂತ್ರ ಕಾಯುವುದಿಲ್ಲ. ಎದುರಾಳಿ ಏನು ಮಾಡಿರಬಹುದೆಂದು ಊಹಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಾಗಿದ್ದರೆ ಹಿಂದೆ ಹೋಗಿ ತಿದ್ದುತ್ತದೆ. ಸಂಪರ್ಕ ಚೆನ್ನಾಗಿದ್ದರೆ ತಿದ್ದಿದ್ದು ಕಣ್ಣಿಗೇ ಬೀಳುವುದಿಲ್ಲ. ಕೆಟ್ಟದಾಗಿದ್ದರೆ ಬಿದ್ದ ಪೆಟ್ಟು ಬೀಳದಂತಾಗುತ್ತದೆ, ಎಡಕ್ಕಿದ್ದವನು ಬಲಕ್ಕೆ ಬಂದಿರುತ್ತಾನೆ.

ಮೋಸಗಾರನಿಗೆ ಸಿಕ್ಕಿದ ಸಂದು ಇದೇ. ಹಿಂದೆ ಇಂಟರ್‌ನೆಟ್ ತಂತಿಗೆ ಒಂದು ಸ್ವಿಚ್ ಜೋಡಿಸಿ, ಬೇಕಾದಾಗ ಅರೆಕ್ಷಣ ಸಂಪರ್ಕ ಕಡಿಯುವವರಿದ್ದರು. ‘ಲ್ಯಾಗ್ ಸ್ವಿಚ್’ ಎಂದೇ ಅದಕ್ಕೆ ಹೆಸರು. ಫೋನಿನಲ್ಲಿ ಸ್ವಿಚ್ಚೂ ಬೇಡ, ಡೇಟಾ ಆರಿಸಿ ಹಾಕಿದರೆ ಸಾಕು. ಇನ್ನು ಕೆಲವರು ಸೋಲುವ ಹೊತ್ತಿಗೆ ಆಟವನ್ನೇ ಬಿಟ್ಟು ಓಡುತ್ತಾರೆ. 2016ರ ಫೆಬ್ರವರಿಯಲ್ಲಿ ‘ಸ್ಟ್ರೀಟ್ ಫೈಟರ್ 5’ ಬಂದಾಗ ಹೀಗೆ ಓಡಿದವರಿಗೆ ಶಿಕ್ಷೆಯೇ ಇರಲಿಲ್ಲ. ಅವರ ಗೆಲುವಿನ ಸರಣಿ ಹಾಗೇ ಉಳಿಯುತ್ತಿತ್ತು. ಆಟಗಾರರು ಬೊಬ್ಬೆ ಹಾಕಿದ ಮೇಲೆ ಕಂಪೆನಿಯವರು ಅತಿರೇಕದವರ ಅಂಕ ಕಡಿತಗೊಳಿಸಿದರು. ತನಗೆ ಅಳೆದುಕೊಳ್ಳುವಾಗ ತುಂಬ ಅಳೆದು, ಇನ್ನೊಬ್ಬರಿಗೆ ಕೊಡುವಾಗ ಕಡಿಮೆ ಮಾಡುವವರನ್ನು ಕುರ್‌ಆನ್‌ನ 83ನೆಯ ಅಧ್ಯಾಯವು ಎಚ್ಚರಿಸುತ್ತದೆ. ಅಲ್ಲಿನ ತಕ್ಕಡಿ ಧಾನ್ಯದ್ದು, ಇಲ್ಲಿನದು ಕ್ಷಣಗಳದ್ದು.

ಇದಿಷ್ಟೂ ಮೋಸ ಮಾಡುವವರ ಮಾತಾಯಿತು. ನಮ್ಮನ್ನು ಕಾಡಿದ್ದು ಮೋಸ ಮಾಡದವನ ಪಾಡು.

ನಮ್ಮ ಅಕ್ಕನ ಮನೆ ಅಂಕೋಲಾ ತಾಲೂಕಿನಲ್ಲಿ, ಘಟ್ಟದ ಬುಡದ ಒಂದು ಹಳ್ಳಿಯಲ್ಲಿ. ಅವಳ ಮಗ ಪದವಿ ಓದುತ್ತಿದ್ದಾನೆ. ‘ಶ್ಯಾಡೋ ಫೈಟ್ ಅರೆನಾ’ ಎಂಬ ಆಟದಲ್ಲಿ ಅವನದು ಒಳ್ಳೆಯ ಕೈ. ಕಾರವಾರ, ಅಂಕೋಲಾದ ಇಪ್ಪತ್ತು ಇಪ್ಪತ್ತೈದು ಹುಡುಗರು ಸೇರಿ ತಮ್ಮತಮ್ಮಲ್ಲೇ ಪಂದ್ಯ ನಡೆಸುತ್ತಿದ್ದರು. ಹಣದ ಪಣವಿಲ್ಲ. (ಪಣವಿದ್ದಿದ್ದರೆ ಮಾತೇ ಬೇರೆ. ಅದು ನಮ್ಮಲ್ಲಿ ಜೂಜು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಕೂಡ ಹಣ ಕಟ್ಟುವ ಆನ್‌ಲೈನ್ ಆಟವನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿಟ್ಟಿದೆ.) ಜುಲೈ ತಿಂಗಳ ಒಂದು ರಾತ್ರಿ ಪಂದ್ಯದ ನಡುವೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಟವರಿನ ಸಿಗ್ನಲ್ ಕುಂಟತೊಡಗಿತು. ಇವನ ಆಟಗಾರ ನಿಂತು ನಿಂತು ಜಿಗಿದ. ಎದುರಾಳಿಯ ಎರಡು ಪೆಟ್ಟು ಮಾಯವಾದವು, ಇವನದೊಂದು ತಾಗಿತು, ಇವನು ಗೆದ್ದ. ಹತ್ತು ನಿಮಿಷದೊಳಗೆ ಅವನು ‘ಚೀಟರ್’ ಆಗಿದ್ದ; ಬೆಳಗಾಗುವಷ್ಟರಲ್ಲಿ ಗುಂಪಿನಿಂದ ಹೊರಗಿದ್ದ.

“ಮಾಮೂ, ಮಳೆ ಬಂದಿತ್ತು ಅಂತ ನಾನು ಹೇಗೆ ಸಾಬೀತು ಮಾಡಲಿ?” ಎಂದು ಕೇಳಿದ.

ಸಾಬೀತು ಮಾಡುವುದು ಸಾಧ್ಯವಿರಲಿಲ್ಲ. ಬೇಕೆಂದೇ ಕಡಿದ ಸಂಪರ್ಕವೂ ತಾನಾಗಿ ಕಡಿದ ಸಂಪರ್ಕವೂ ಎದುರಾಳಿಯ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ನಗರದಲ್ಲಿ ಮನೆಬಾಗಿಲಿಗೆ ಫೈಬರ್ ಬಂದವನ ಮೇಲೆ ಈ ಸಂಶಯ ಹುಟ್ಟುವುದು ಅಪರೂಪ. ನಿಜವಾದ ಮೋಸಗಾರ ಕಲಿತ ವಿದ್ಯೆಗೆ ದಂಡ ತೆರುವವನು ಹಳ್ಳಿಯ ಹುಡುಗ.

ಇದನ್ನು ಕೇಳಿದಾಗ ನಮಗೆ ನೆನಪಾದದ್ದು ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಪ್ರಸಂಗ. ಪ್ರವಾದಿ(ಸ)ಯವರು ಪೇಟೆಯಲ್ಲಿ ಧಾನ್ಯದ ರಾಶಿಯೊಂದಕ್ಕೆ ಕೈ ಹಾಕಿ ನೋಡಿದಾಗ ಒಳಗೆ ಒದ್ದೆ ತಾಗಿತು. ಇದೇನೆಂದು ಕೇಳಿದರೆ, ಮಳೆಯಲ್ಲಿ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂಬುದು ಪ್ರವಾದಿಯವರ ಪ್ರಶ್ನೆ. ವಂಚಿಸುವವನು ತಮ್ಮವನಲ್ಲ ಎಂಬ ಅವರ ಪ್ರಸಿದ್ಧ ಮಾತು ಬಂದದ್ದು ಆ ರಾಶಿಯ ಮುಂದೆ. ಈ ಹದೀಸನ್ನು ವ್ಯಾಪಾರಿಗಳಿಗೆ ಹೇಳುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮಳೆಯಲ್ಲಿ ನೆನೆದದ್ದಕ್ಕೆ ಅಲ್ಲಿ ಆಕ್ಷೇಪವಿಲ್ಲ, ಅಡಿಯಲ್ಲಿ ಮುಚ್ಚಿಟ್ಟದ್ದಕ್ಕೆ ಮಾತ್ರ ಇದೆ ಎಂಬುದನ್ನು ಒತ್ತಿ ಹೇಳುವವರು ಕಡಿಮೆ.

ಅಳಿಯನಿಗೆ ಇದನ್ನೇ ಹೇಳಿದೆವು. ಒದ್ದೆಯನ್ನು ಮೇಲಿಡು, ಆಡುವ ಮೊದಲೇ ನಿನ್ನ ಸಿಗ್ನಲ್ ಹೇಗಿದೆಯೆಂದು ತಿಳಿಸು. ಅವನು ಹಾಗೆಯೇ ಮಾಡಿದ. ಗುಂಪಿನವರು ಅವನ ಮಾತನ್ನು ಒಪ್ಪಿದರು ಕೂಡ. ಆದರೆ ಅದರ ಬೆನ್ನಿಗೇ ಹೊಸ ನಿಯಮ ತಂದರು: ಸಂಪರ್ಕ ಇಂತಿಷ್ಟಕ್ಕಿಂತ ನಿಧಾನವಿದ್ದವರಿಗೆ ಪಂದ್ಯವಿಲ್ಲ. ಕಳಂಕ ಹೋಯಿತು, ಹುಡುಗ ಹೊರಗೇ ಉಳಿದ.

ಹೊಡೆದಾಟಕ್ಕೆ ನಿಯಮ ಹಾಕುವುದು ಅಂಕೋಲೆಗೇನೂ ಹೊಸದಲ್ಲ. ದೀಪಾವಳಿಯ ಬಲಿಪಾಡ್ಯಮಿಗೆ ಅಲ್ಲಿ ಕೋಮಾರಪಂತ ಸಮಾಜದವರು ಹೊಂಡೆಯಾಟ ಆಡುತ್ತಾರೆ. ಎರಡು ಪಂಗಡದವರು ಹಿಂಡ್ಲೆಕಾಯಿಯಿಂದ ಒಬ್ಬರನ್ನೊಬ್ಬರು ಹೊಡೆಯುತ್ತಾರೆ, ಪೆಟ್ಟು ಜೋರಾಗಿಯೇ ಬೀಳುತ್ತದೆ. ಆದರೆ ಮೊಣಕಾಲಿನಿಂದ ಕೆಳಗೆ ಮಾತ್ರ ಹೊಡೆಯಬೇಕು. ಊರಿಗೆ ಊರೇ ನೋಡುತ್ತ ನಿಂತಿರುವಾಗ ಮೇಲೆ ಹೊಡೆಯುವ ಧೈರ್ಯ ಯಾರಿಗಿದೆ? ಎದುರಿಗೆ ಕೂತು ಆಡುವುದರ ಬಲ ಇದು. 2019ರಲ್ಲಿ ಜಪಾನ್ ಮತ್ತು ಅಮೆರಿಕದ ‘ಇವೋ’ ಪಂದ್ಯಗಳೆರಡರಲ್ಲೂ ‘ಟೆಕ್ಕನ್’ ಗೆದ್ದು ಜಗತ್ತನ್ನು ಬೆರಗುಗೊಳಿಸಿದ ಲಾಹೋರಿನ ಅರ್ಸಲಾನ್ ಆ್ಯಶ್ ಪಳಗಿದ್ದು ಕೂಡ ತನ್ನ ಊರಿನ ಆಟದ ಅಂಗಡಿಗಳಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತು.

ಆದರೆ ಘಟ್ಟದ ಬುಡದಿಂದ ದಿನಾ ಕಾರವಾರಕ್ಕೆ ಬಂದು ಆಡುವುದಾಗುತ್ತದೆಯೇ? ಬಸ್ಸಿಗೇ ಅರ್ಧ ದಿನ ಬೇಕು. ಮದೀನಾದಲ್ಲಿ ಪ್ರವಾದಿ(ಸ)ಯವರು ಕುದುರೆ ಓಟ ಏರ್ಪಡಿಸಿದಾಗ ಪಳಗಿಸಿದ ಕುದುರೆಗಳಿಗೆ ಐದಾರು ಮೈಲಿಯ ದಾರಿ, ಪಳಗಿಸದವಕ್ಕೆ ಒಂದು ಮೈಲಿಯಷ್ಟರದು ಎಂದು ಬೇರೆ ಬೇರೆ ಗೊತ್ತುಮಾಡಿದ್ದರೆಂದು ಬುಖಾರಿಯಲ್ಲಿದೆ. ಪಳಗಿಸದ ಕುದುರೆಯನ್ನು ಮೈದಾನದಿಂದ ಹೊರಗಟ್ಟಲಿಲ್ಲ, ಅದಕ್ಕೊಂದು ಓಟ ಹುಡುಕಿದರು. ಗುಂಪು ನಡೆಸುವ ಹುಡುಗರಲ್ಲಿ ಒಬ್ಬನಿಗೆ ಇದನ್ನು ಹೇಳಿ, ನಿಧಾನ ಸಂಪರ್ಕದವರಿಗೆಂದೇ ಒಂದು ಸುತ್ತು ಇಡಬಾರದೇ ಎಂದು ಕೇಳಿದೆವು. “ನೋಡೋಣ ಅಂಕಲ್” ಎಂದ. ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ‘ನೋಡೋಣ’ ಎಂಬುದಕ್ಕೆ ಯಾವ ಅರ್ಥವಿದೆಯೋ ಅದೇ ಅರ್ಥ ಇಲ್ಲಿಯೂ ಇರುವಂತಿದೆ.

ಸದ್ಯ ಸದಾಶಿವಗಡದ ಹುಡುಗನೊಬ್ಬ ಗುಂಪಿನ ಹೊರಗೆ ನಮ್ಮ ಅಳಿಯನ ಜೊತೆ ಆಡುತ್ತಿದ್ದಾನೆ. ಇವನು ಮೊದಲು ಬರೆಯುತ್ತಾನೆ: “ಇಲ್ಲಿ ಮಳೆ. ಸಿಗ್ನಲ್ ಎರಡೇ ಗೆರೆ. ಆಡ್ತೀಯಾ?” ಅವನು ಒಮ್ಮೊಮ್ಮೆ ಬೇಡವೆನ್ನುತ್ತಾನೆ, ಒಮ್ಮೊಮ್ಮೆ ಬರುತ್ತಾನೆ. ಕಳೆದ ಭಾನುವಾರ ನಾಲ್ಕು ಆಟ ಆಡಿದರಂತೆ. ಮೂರರಲ್ಲಿ ನಮ್ಮವನು ಸೋತ. ನಾಲ್ಕನೆಯದರಲ್ಲಿ ಇವನು ಮುಂದಿದ್ದಾಗ ಪರದೆ ಕುಂಟಿತು. ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡವೆಂದು ಇವನೇ ಹೇಳಿದನಂತೆ.