ನೂರಕ್ಕೆ ಐದು ಪಾಲು

ಪುಣೆ ಜಿಲ್ಲೆಯ ವೆಲ್ಹೆ ಕಡೆಯಿಂದ ಬಂದ ಹೊಸ ರಾಗಿ ಈ ವಾರ ಮೊಳೆತ ಪರಿ ನೋಡಿ ಮನಸ್ಸು ತುಂಬಿತು. ಪುಣೆಯಲ್ಲಿ ಇದಕ್ಕೆ ನಾಚಣಿ ಅನ್ನುತ್ತಾರೆ. ರಾತ್ರಿಯೆಲ್ಲ ನೆನೆದು, ಒಂದೂವರೆ ದಿನ ಒದ್ದೆ ಬಟ್ಟೆಯಲ್ಲಿ ಕೂತ ಕಾಳುಗಳಲ್ಲಿ ಮೊಳೆಯದ್ದು ಹುಡುಕಿದರೂ ಸಿಗಲಿಲ್ಲ. ಹಳೇ ದಾಸ್ತಾನಿನ ರಾಗಿಯಲ್ಲಿ ಈ ಸುಖ ಇಲ್ಲ. ಅರ್ಧ ಮೊಳೆಯುವಷ್ಟರಲ್ಲಿ ಇನ್ನರ್ಧ ಹುಳಿ ವಾಸನೆ ಹೊಡೆಯುತ್ತದೆ.

ಮೊಳಕೆ ಕಟ್ಟುವುದು ಯಾರಿಗೆ ಗೊತ್ತಿಲ್ಲ? ಕೆಲಸದ ಜೀವ ಇರುವುದು ಒಣಗಿಸುವುದರಲ್ಲಿ. ನಾನು ಹತ್ತಿ ಸೀರೆಯ ಮೇಲೆ ತೆಳ್ಳಗೆ ಹರಡಿ ಮೊದಲು ನೆರಳಲ್ಲೇ, ಫ್ಯಾನಿನ ಗಾಳಿಗೆ ಬಿಡುತ್ತೇನೆ. ಹಲ್ಲಲ್ಲಿ ಕಡಿದರೆ ಕಟ್ ಅನ್ನಬೇಕು, ಆಮೇಲೆ ಬಿಸಿಲು. ಆಮೇಲೆ ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಕೊನೆಗೆ ಬಾಣಲೆಯಲ್ಲಿ ಸ್ವಲ್ಪವೇ ಬೆಚ್ಚಗೆ ಮಾಡುವುದು. ಒದ್ದೆ ಮೊಳಕೆಯನ್ನೇ ಬಾಣಲೆಗೆ ಸುರಿದು ಘಮ್ ಅನ್ನುವವರೆಗೂ ಹುರಿಯುವವರ ಜೊತೆ ನನ್ನದು ಮುಗಿಯದ ಜಗಳ. ಕಾಳು ಮೊಳೆಯುವಾಗ ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಒಣಗಿದ ಕಾಳಲ್ಲಿ ಅದು ಒಂದಿಷ್ಟು ಕಾವು ತಡೆಯುತ್ತದೆ. ಒದ್ದೆ ಕಾಳಲ್ಲಿ ಬೇಗ ಸಾಯುತ್ತದೆ. ಘಮ ಉಳಿಯಿತು, ಕೆಲಸ ಮಾಡಬೇಕಾದದ್ದೇ ಹೋಯಿತು.

ಈ ಕಿಣ್ವದ ಬೆಲೆ ವಿಸ್ಕಿ ಭಟ್ಟಿಯವರಿಗೆ ಚೆನ್ನಾಗಿ ಗೊತ್ತು. ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ತೋಟದಲ್ಲಿ 1797ರಲ್ಲಿ ಭಟ್ಟಿ ಹೂಡಿದ. ಹಾಗೆ ಮಾಡಲು ಹೇಳಿದವನು ತೋಟ ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಆಂಡರ್ಸನ್. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಯಿತು. ಕೂಡಿಸುತ್ತಿದ್ದದ್ದು ನೂರಕ್ಕೆ 60 ಪಾಲು ರೈ, 35 ಪಾಲು ಜೋಳ, ಅಂದರೆ ಮುಸುಕಿನದು, ಮತ್ತು 5 ಪಾಲು ಮೊಳೆಸಿ ಒಣಗಿಸಿದ ಬಾರ್ಲಿ. ಕುದಿನೀರಲ್ಲಿ ಬೆಂದ ಹಿಟ್ಟಿನ ಕಾವು ಇಳಿದ ಮೇಲೆ ಆ ಬಾರ್ಲಿ ಬೀಳಬೇಕು. ಆ ಐದು ಪಾಲು ಉಳಿದ ತೊಂಬತ್ತೈದರ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಯೀಸ್ಟು, ತಾಮ್ರದ ಹಂಡೆ ಎಲ್ಲ ಆಮೇಲಿನ ಮಾತು. ಒಲೆಯ ಮುಂದೆ ನಿಂತು ದುಡಿದವರು ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ಟಿಮೊಥಿ ಎಂಬ ಆರು ಜನ ಗುಲಾಮರು. ರೈ ಹಿಟ್ಟು ಅಂಟು, ಬೇಗ ತಳ ಹಿಡಿಯುತ್ತದೆ. ಅದನ್ನು ಬಿಡದೆ ತಿರುವಿದ ಆ ಕೈಗಳ ಹದದ ಬಗ್ಗೆ ನನಗೆ ಒಡೆಯನ ಹೆಸರಿಗಿಂತ ಹೆಚ್ಚು ಗೌರವ. ಮೊಳಕೆಯ ಈ ಬಲ ಬಾರ್ಲಿಗೆ ಮಾತ್ರ ಅಲ್ಲ: ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ ಬೇರೆ ಕಾಳಿನ ನೆರವಿಲ್ಲದೆ, ರೈಯನ್ನೇ ಮೊಳೆಸಿದ ಮಾಲ್ಟಿನಿಂದ ಒಂದು ಸಿಂಗಲ್ ಮಾಲ್ಟ್ ತಂದಿದೆ.

ನನ್ನ ಒಲೆಯ ಮೇಲಿರುವುದು ಗಂಜಿ, ಆದರೆ ಕೆಲಸ ಅದೇ. ಬಾಣಂತಿ ಮನೆಗಳಲ್ಲಿ ರಾಗಿ ಸರಿ ಎಂದು ಕೊಡುವ ಪೊಟ್ಟಣಗಳನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲೇ. ಕೂಸಿನ ಹೊಟ್ಟೆ ಸಣ್ಣದು. ಗಟ್ಟಿ ಸರಿ ನುಂಗಲಾರದು. ನೀರು ಬೆರೆಸಿ ತೆಳು ಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ. ಮೊಳೆತ ರಾಗಿಯ ಹಿಟ್ಟು ನೀರು ಕೇಳದೆ ಸರಿಯನ್ನು ತೆಳ್ಳಗೆ ಮಾಡುತ್ತದೆ, ಸತ್ವ ಅಷ್ಟೂ ಉಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ, ದೇಶಿಕಾಚಾರ್ ಎಂಬ ವಿಜ್ಞಾನಿಗಳು ನಾಲ್ಕು ದಶಕಗಳ ಹಿಂದೆಯೇ ಮೊಳೆತ ರಾಗಿ ಮತ್ತು ಹೆಸರುಕಾಳಿನಿಂದ ಇಂಥ ಮಕ್ಕಳ ಆಹಾರ ಮಾಡಿ ಬರೆದಿಟ್ಟಿದ್ದಾರೆ. ಇಷ್ಟೆಲ್ಲ ಇದ್ದೂ ಬರೀ ಹುರಿದ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಬೆರೆಸಿ ತಾಯಂದಿರಿಗೆ ಮಾರುವುದು ಅನ್ಯಾಯ.

ನೀವೇ ನೋಡಿ. ಅಕ್ಕಿ ಹಿಟ್ಟಿನ ಗಂಜಿ ಚಮಚ ನಿಲ್ಲುವಷ್ಟು ಗಟ್ಟಿ ಮಾಡಿ, ಎರಡು ಬಟ್ಟಲಿಗೆ ಹಾಕಿ. ಬೆರಳಿಟ್ಟರೆ ತಕ್ಷಣ ಎಳೆದುಕೊಳ್ಳುವಷ್ಟು ಬಿಸಿ ಇರಲಿ, ಕುದಿಯುತ್ತಿರಬಾರದು. 65 ಡಿಗ್ರಿಯ ಆಸುಪಾಸು. ಒಂದಕ್ಕೆ ಅಂಗಡಿಯ ಹಿಟ್ಟು, ಇನ್ನೊಂದಕ್ಕೆ ನೆರಳಲ್ಲಿ ಒಣಗಿಸಿದ ಮೊಳಕೆಯ ನಿಮ್ಮ ಮನೆಯ ಹಿಟ್ಟು, ಚಮಚ ಚಮಚ ಹಾಕಿ ಕಲಕಿ, ಹತ್ತು ನಿಮಿಷ ಮುಚ್ಚಿಡಿ. ಯಾವುದು ಸೌಟಿನಿಂದ ಧಾರೆಯಾಗಿ ಇಳಿಯುತ್ತದೋ ಅದನ್ನು ಇನ್ನೊಮ್ಮೆ ಕುದಿಸಿ, ಆರಿಸಿ, ಕೂಸಿಗೆ ಕೊಡಿ.